ಮೂರು ಇಂಜೆಕ್ಷನ್ನು, ಒಂದು ಟವೆಲ್ಲು

ಬೆಳಗ್ಗೆಯಿಂದ ಮನಸ್ಸು ಸರಿ ಇಲ್ಲ. ನನ್ನ ಮಂಡಿ ಆಪರೇಷನ್ ಕಥೆ ನಿಮಗೆಲ್ಲ ಗೊತ್ತೇ ಇದೆ. ಫಿಸಿಯೋ ಮುಗಿಸಿ ಹೊರಗೆ ಕೂತಿದ್ದೆ. ಪಕ್ಕದಲ್ಲಿ ಕಬಡ್ಡಿ ಆಡೋ ಹುಡುಗ, ಹತ್ತೊಂಬತ್ತಿರಬಹುದು, ಕಾಲಿಗೆ ಉದ್ದನೆ ಬ್ರೇಸ್. ಎಸಿಎಲ್, ಅಂದ್ರೆ ಮಂಡಿಯೊಳಗೆ ಮೂಳೆಗಳನ್ನ ಹಿಡಿದಿಡೋ ಒಂದು ಪಟ್ಟಿ (ಲಿಗಮೆಂಟ್), ಅದರ ಆಪರೇಷನ್ ಆಗಿ ಮೂರು ವಾರ. ಅವರಪ್ಪ ಚೀಟಿ ತೋರಿಸಿ ಕೇಳಿದರು, "ಮೇಡಂ, ಈ ಪಿಆರ್‌ಪಿ ಹಾಕಿಸ್ಲಿಲ್ಲ ಅಂದ್ರೆ ನರ ಕೂಡೋದು ತಡ ಆಗುತ್ತಂತೆ, ಹೌದಾ?" ನರ ಅಂದಿದ್ದು ಆ ಪಟ್ಟಿಗೇ. ಮೂರು ಇಂಜೆಕ್ಷನ್, 36,000 ರೂಪಾಯಿ. ಸೊಸೈಟಿಯಲ್ಲಿ ಸಾಲ ಕೇಳಿದ್ದಾರಂತೆ.

ಮನೇಲಿ ಏನು ವ್ಯಾಯಾಮ ಮಾಡ್ತಿದ್ದೀಯ ಅಂತ ಹುಡುಗನನ್ನ ಕೇಳಿದೆ. "ಏನೂ ಇಲ್ಲ ಮೇಡಂ, ರೆಸ್ಟ್." ಮಂಡಿ ಪೂರ್ತಿ ನೇರ ಆಗ್ತಿರಲಿಲ್ಲ. ಒಂದು ತೊಡೆ ಆಗಲೇ ಸಣ್ಣಗಾಗಿತ್ತು. ನನಗೆ ಸಿಟ್ಟು ಬಂದಿದ್ದು ಅಲ್ಲೇ. 36,000ದ ಚೀಟಿ ಬರೆಯೋಕೆ ಟೈಮ್ ಇದೆ, ಟವೆಲ್ ಸುತ್ತಿ ಮಂಡಿ ಕೆಳಗಿಟ್ಟು ಒತ್ತು ಅಂತ ಹೇಳೋಕೆ ಟೈಮ್ ಇಲ್ವಾ?

ಪಿಆರ್‌ಪಿ ಅಂದ್ರೆ ನಮ್ಮದೇ ರಕ್ತ. ಕೈಯಿಂದ ತೆಗೆದು ಮೆಷಿನ್‌ನಲ್ಲಿ ಗಿರಗಿರ ತಿರುಗಿಸ್ತಾರೆ. ಕೆಂಪು ತಳಕ್ಕೆ ಇಳಿಯುತ್ತೆ, ಮೇಲೆ ತಿಳಿ ಹಳದಿ ನೀರು. ಪ್ಲೇಟ್‌ಲೆಟ್ ಜಾಸ್ತಿ ಇರೋ ಭಾಗವನ್ನ ಮಂಡಿಗೆ ಚುಚ್ತಾರೆ. ಗಾಯ ಮಾಯಿಸೋ ಅಂಶಗಳು ಪ್ಲೇಟ್‌ಲೆಟ್‌ನಲ್ಲಿರೋದು ನಿಜ. ಆದರೆ ಎಷ್ಟು ಪ್ಲೇಟ್‌ಲೆಟ್, ಬಿಳಿ ರಕ್ತಕಣ ಇರಬೇಕಾ ಬೇಡ್ವಾ, ಎಷ್ಟು ಸಲ, ಇದು ಒಂದೊಂದು ಕಡೆ ಒಂದೊಂದು ಥರ. ಎಸಿಎಲ್ ಆಪರೇಷನ್ ಆದಮೇಲೆ ಇದರಿಂದ ಕಾಲು ಬೇಗ ಗಟ್ಟಿಯಾಗುತ್ತೆ ಅಂತ ಅಧ್ಯಯನಗಳು ಒಂದೇ ಮಾತಲ್ಲಿ ಹೇಳಿಲ್ಲ. ಮಂಡಿ ಸವೆತಕ್ಕೂ ಇದನ್ನೇ ಕೊಡ್ತಾರಲ್ಲ, ಆಸ್ಟ್ರೇಲಿಯಾದಲ್ಲಿ 288 ಜನರಲ್ಲಿ ಪರೀಕ್ಷೆ ಮಾಡಿ ನೋಡಿದರು. ಅರ್ಧ ಜನಕ್ಕೆ ಪಿಆರ್‌ಪಿ, ಉಳಿದವರಿಗೆ ಬರೀ ಸಲೈನ್. ವರ್ಷ ಕಳೆದಮೇಲೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2021ರಲ್ಲಿ ಪ್ರಕಟ ಆಗಿದೆ.

ಸ್ವಂತ ರಕ್ತ, ತೊಂದರೆ ಏನು ಅಂತೀರಾ? ಈ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ನಮ್ಮದೇ ಕಾಲಿನ ಬೇರೆ ಕಡೆಯಿಂದ ಪಟ್ಟಿ ತೆಗೆದು ಹೊಸ ಲಿಗಮೆಂಟ್ ಮಾಡ್ತಾರೆ. ಮಂಡಿಚಿಪ್ಪಿನ ಕೆಳಗಿನ ಪಟ್ಟಿಯಿಂದ ಮಾಡಿಸಿಕೊಂಡವರಲ್ಲಿ, ಆ ತೆಗೆದ ಜಾಗದ ನೋವು ಸ್ವಲ್ಪ ಕಮ್ಮಿ ಆಗಿದೆ ಅಂತ ಕೆಲವು ವರದಿಗಳಿವೆ, ಒಪ್ಪುತ್ತೇನೆ. ಆದರೆ ಈ ಹುಡುಗನಿಗೆ ತೆಗೆದಿದ್ದು ತೊಡೆ ಹಿಂದಿನಿಂದ. ಅವರಪ್ಪನಿಗೆ ಹೇಳಿದ್ದು ನೋವಿನ ಮಾತಲ್ಲ, "ನರ ಕೂಡೋದು ತಡ" ಅಂತ. ಹೆದರಿಸೋ ಮಾತು ಅದು.

ತೊಂದರೆ ಏನು ಅಂತ ನನಗೆ ಗೊತ್ತು. ನಿಮಗ್ಯಾರಿಗೂ ಹೇಳಿರಲಿಲ್ಲ, ಆಪರೇಷನ್ ಆದ ಮೂರನೇ ತಿಂಗಳಲ್ಲಿ ನಾನೂ ಎರಡು ಹಾಕಿಸಿಕೊಂಡೆ. ದುಡ್ಡು ಕೊಟ್ಟಾಯ್ತಲ್ಲ, ಇನ್ನು ಅದೇ ವಾಸಿ ಮಾಡುತ್ತೆ ಅಂತ ಎರಡು ವಾರ ವ್ಯಾಯಾಮ ಬಿಟ್ಟೆ. ನೇರ ಆಗಿದ್ದ ಕಾಲು ಮತ್ತೆ ಬಿಗಿದುಕೊಂಡಿತು. ಅದನ್ನ ಬಿಡಿಸೋಕೆ ಒಂದೂವರೆ ತಿಂಗಳು ಅತ್ತಿದ್ದೀನಿ.

ಹಾಕಿದ ಹೊಸ ಪಟ್ಟಿ ಲಿಗಮೆಂಟ್ ಆಗೋಕೆ ತಿಂಗಳುಗಟ್ಟಲೆ ಬೇಕು. 9 ತಿಂಗಳೊಳಗೆ ಆಟಕ್ಕಿಳಿದರೆ ಮತ್ತೆ ಪೆಟ್ಟಾಗೋದು ಜಾಸ್ತಿ. ಇದನ್ನ ಅವರಪ್ಪನಿಗೆ ಹೇಳಿದೆ. ಸಾಲ ಮಾಡೋ ಮುಂಚೆ ಇನ್ನೊಬ್ಬ ಡಾಕ್ಟರ್ ಹತ್ರ ಕೇಳಿ ಅಂದೆ. ಹುಡುಗನ ಮಂಡಿ ಕೆಳಗೆ ನನ್ನ ಟವೆಲ್ ಸುತ್ತಿ ಇಟ್ಟು ಒತ್ತು ಅಂದೆ. ಮೊದಲೆರಡು ಸಲ ತೊಡೆ ಅಲ್ಲಾಡಲೇ ಇಲ್ಲ. ಮೂರನೇ ಸಲ ಸಣ್ಣಗೆ ಅದುರಿತು. ಅವನೇ ಕೈಯಿಟ್ಟು ನೋಡಿಕೊಂಡ.

ಟವೆಲ್ ಅವನಿಗೇ ಕೊಟ್ಟು ಬಂದೆ. ನಾಳೆ ಏಳೂವರೆಗೆ ಬಾ, ನಮ್ಮ ಫಿಸಿಯೋಗೆ ಹೇಳ್ತೀನಿ ಅಂದಿದ್ದೀನಿ. ಬರ್ತಾನಾ ನೋಡಬೇಕು.