ಹದಿನೈದರ ಮನೆಗೆ ಐವತ್ತರ ಬ್ಯಾಟರಿ

ಆಸ್ಟ್ರೇಲಿಯಾ ಸರಕಾರಕ್ಕೆ 2025ರ ಕೊನೆಯಲ್ಲಿ ಭಾರೀ ಆಘಾತವಾಯಿತು. ಕೊಡುತ್ತೇವೆ ಅಂದದ್ದನ್ನು ಜನ ನಿಜವಾಗಿಯೂ ತೆಗೆದುಕೊಂಡುಬಿಟ್ಟಿದ್ದರು.

ಕತೆ ಶುರುವಾದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ, ಚುನಾವಣೆಯ ಬಿಸಿಯಲ್ಲಿ. ಮಾಡಿನ ಸೋಲಾರ್ ಕರೆಂಟನ್ನು ಕೂಡಿಡುವ ಬ್ಯಾಟರಿಯನ್ನು ಮನೆಗೆ ಕೂರಿಸುವವರಿಗೆ ಸುಮಾರು ಶೇ 30ರಷ್ಟು ರಿಯಾಯಿತಿ ಕೊಡುತ್ತೇವೆ ಎಂದು ಪ್ರಧಾನಿ ಅಲ್ಬನೀಸಿಯವರ ಪಕ್ಷ ಘೋಷಿಸಿತು. ಪಕ್ಷ ಗೆದ್ದಿತು, ಜುಲೈ 1ರಿಂದ ‘ಚೀಪರ್ ಹೋಮ್ ಬ್ಯಾಟರೀಸ್’ ಯೋಜನೆ ಜಾರಿಗೂ ಬಂತು. 2030ರವರೆಗೆ ಸಾಕು ಎಂದು ತೆಗೆದಿಟ್ಟ ದುಡ್ಡು 230 ಕೋಟಿ ಡಾಲರ್. ಐದು ವರ್ಷದ ಆ ಅಂದಾಜು ಆರು ತಿಂಗಳೂ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಅದನ್ನು 720 ಕೋಟಿಗೆ ಏರಿಸಬೇಕಾಯಿತು. ಕಾರಣವನ್ನು ಸರಕಾರವೇ ಗಂಭೀರವಾಗಿ ವಿವರಿಸಿತು: ಜನ ನಾವು ಎಣಿಸಿದ್ದಕ್ಕಿಂತ ದೊಡ್ಡ ದೊಡ್ಡ ಬ್ಯಾಟರಿ ಹಾಕಿಸುತ್ತಿದ್ದಾರೆ.

ಯಾಕೆ ಹಾಕಿಸಬಾರದು, ಸ್ವಾಮಿ? ರಿಯಾಯಿತಿ ಬರೆದದ್ದೇ ಯೂನಿಟ್ ಲೆಕ್ಕದಲ್ಲಿ. (ಇಲ್ಲಿ ಕಿಲೋವ್ಯಾಟ್ ಅವರ್ ಅಂತಾರೆ, ನಮ್ಮ ಬೆಸ್ಕಾಂ ಬಿಲ್ಲಿನ ಯೂನಿಟ್ಟೇ ಅದು.) ಬ್ಯಾಟರಿ ಎಷ್ಟು ಯೂನಿಟ್ ಹಿಡಿಯುತ್ತದೋ ಅಷ್ಟಕ್ಕೆ, 2025ರಲ್ಲಿ ಯೂನಿಟ್ಟಿಗೆ ಸುಮಾರು 370 ಡಾಲರ್. 5 ಯೂನಿಟ್‌ಗಿಂತ ಚಿಕ್ಕದು ತಂದರೆ ಸೊನ್ನೆ. ದೊಡ್ಡದಾದಷ್ಟೂ ಹೆಚ್ಚು, 50 ಯೂನಿಟ್ಟಿನ ತನಕ. ಅಂದರೆ ಹದಿನಾಲ್ಕು ಯೂನಿಟ್ಟಿನ ಸಾಧಾರಣ ಬ್ಯಾಟರಿ ತಂದವನಿಗೆ ಐದು ಸಾವಿರ ಡಾಲರ್ ಚಿಲ್ಲರೆ, ಐವತ್ತರದ್ದು ತಂದವನಿಗೆ ಹದಿನೆಂಟು ಸಾವಿರದ ಹತ್ತಿರ. ನಮ್ಮ ದುಡ್ಡಿನಲ್ಲಿ ಹತ್ತು ಲಕ್ಷ ರೂಪಾಯಿ! ಮದುವೆ ಊಟಕ್ಕೆ ಕೂರಿಸಿ ‘ಹೋಳಿಗೆ ತಿಂದಷ್ಟಕ್ಕೂ ದಕ್ಷಿಣೆ’ ಅಂದಮೇಲೆ, ಬೀಗರು ಎರಡಕ್ಕೆ ಕೈ ತೊಳೆಯಲಿಲ್ಲ ಅಂತ ಬೇಸರ ಮಾಡಿಕೊಂಡರೆ ಹೇಗೆ?

ಮೆಲ್ಬರ್ನಿನ ಪಶ್ಚಿಮಕ್ಕೆ ಪಾಯಿಂಟ್ ಕುಕ್, ಟಾರ್ನೀಟ್ ಕಡೆ ಬನ್ನಿ, ನಮ್ಮವರು ಸಾಕಷ್ಟು ಸಿಗುತ್ತಾರೆ. ಅಲ್ಲಿ ಯಾರದೇ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಮೊದಲೆಲ್ಲ ಮಾತು ಬಡ್ಡಿ ದರದ್ದು, ಮಕ್ಕಳ ಸೆಲೆಕ್ಟಿವ್ ಸ್ಕೂಲಿನದ್ದು. ಈಗ ಪ್ರಸಾದ ಕೈಗೆ ಬರುವ ಮುಂಚೆಯೇ ಪ್ರಶ್ನೆ: “ನಿಮ್ಮದು ಎಷ್ಟರದ್ದು?” ಹದಿಮೂರೂವರೆ ಅಂದವರ ಕಡೆ ಜನ ಕನಿಕರದಿಂದ ನೋಡುತ್ತಾರೆ. ನಲವತ್ತು ಅಂದವರಿಗೆ ಇನ್ನೊಂದು ಚಮಚ ಸಪಾದ ಭಕ್ಷ್ಯ.

ಅಂಥ ಒಬ್ಬ ರಾಯರನ್ನು ತೆಗೆದುಕೊಳ್ಳಿ. ಗಂಡ, ಹೆಂಡತಿ, ಒಬ್ಬ ಮಗಳು. ದಿನಕ್ಕೆ ಸುಮಾರು ಹದಿನೈದು ಯೂನಿಟ್ ಉರಿಸುತ್ತಾರೆ. ಅದರಲ್ಲೂ ಹಗಲಿನದ್ದನ್ನು ಸೂರ್ಯನೇ ನೋಡಿಕೊಳ್ಳುತ್ತಾನೆ. ರಾತ್ರಿಗೆ ಏಳೆಂಟು ಯೂನಿಟ್ ಸಾಕು. ರಾಯರು ಬುಕ್ ಮಾಡಿದ್ದು ಐವತ್ತರದ್ದು.

“ರೀ, ನಮಗ್ಯಾಕೆ ಅಷ್ಟು ದೊಡ್ಡದು? ನಾವೇನು ಚೌಟ್ರಿ ನಡೆಸ್ತೀವಾ?” ಎಂದು ಅವರ ಮನೆಯವರು ಕೇಳಿದರು.

“ನಮಗೆ ಬೇಕು ಅಂತ ಯಾರು ಹೇಳಿದ್ರು ಕಣೇ? ಸರಕಾರ ಕೊಡ್ತಾ ಇದೆ!”

ಈ ಉತ್ತರದಲ್ಲಿ ಇಡೀ ಇಂಧನ ನೀತಿಯೇ ಅಡಗಿದೆ.

ಅದನ್ನು ತುಂಬಿಸುವವರು ಯಾರು ಅನ್ನುವುದು ಬೇರೆ ಮಾತು. ರಾಯರ ಮಾಡಿನ ಮೇಲಿರುವುದು ಇಲ್ಲಿ ಮನೆಮನೆಗೂ ಇರುವ 6.6 ಕಿಲೋವ್ಯಾಟ್ ಪ್ಯಾನೆಲ್. ಮೆಲ್ಬರ್ನಿನ ಒಳ್ಳೆಯ ಬೇಸಿಗೆಯಲ್ಲೂ ಅದು ಐವತ್ತು ಯೂನಿಟ್ ಮುಟ್ಟುವುದಿಲ್ಲ. ಜೂನ್, ಜುಲೈ ಚಳಿಯಲ್ಲಿ ದಿನಕ್ಕೆ ಹತ್ತೋ ಹನ್ನೆರಡೋ ಬಂದರೆ ಪುಣ್ಯ, ಅದೂ ಮನೆಯ ಹೀಟರಿಗೇ ಸಾಲದು. ಹೀಗಾಗಿ ರಾಯರ ಗ್ಯಾರೇಜಿನಲ್ಲಿ ಹತ್ತು ಲಕ್ಷದ ಸರಕಾರಿ ಸಹಾಯ ಪಡೆದ ಪೆಟ್ಟಿಗೆ ಮುಕ್ಕಾಲು ಖಾಲಿ ಹೊಟ್ಟೆಯಲ್ಲಿ ಕೂತಿದೆ. ಅದನ್ನು ಹಸಿದಿರಲು ಬಿಡಬಾರದು ಎಂದು ರಾಯರು ಈಗ ಇನ್ನೊಂದು ಹತ್ತು ಕಿಲೋವ್ಯಾಟ್ ಪ್ಯಾನೆಲ್ಲಿಗೆ ಕೊಟೇಶನ್ ತರಿಸಿದ್ದಾರೆ. ಅದಕ್ಕೂ ರಿಯಾಯಿತಿ ಉಂಟು. ಪ್ಯಾನೆಲ್ ಹೆಚ್ಚಾದ ಮೇಲೆ ಬೇಸಿಗೆಯಲ್ಲಿ ಬ್ಯಾಟರಿ ತುಂಬಿ ತುಳುಕಿದರೆ? ಅದಕ್ಕೆ ಎಲೆಕ್ಟ್ರಿಕ್ ಕಾರು ನೋಡುತ್ತಿದ್ದಾರೆ.

ರಿಯಾಯಿತಿ ಕೈಗೆ ಬರುವ ಹಾದಿಯೂ ಕಡಿಮೆ ರಮ್ಯವಲ್ಲ. ಮನೆಯ ಯಜಮಾನ ಸರಕಾರಕ್ಕೆ ನೇರವಾಗಿ ಅರ್ಜಿ ಹಾಕಬೇಕಾಗಿಲ್ಲ. ಅವನ ಬ್ಯಾಟರಿಗೆ ಸರ್ಟಿಫಿಕೇಟುಗಳು ಹುಟ್ಟುತ್ತವೆ. ಅವುಗಳ ಹಕ್ಕನ್ನು ಕೂರಿಸುವ ಕಂಪನಿಗೆ ಬರೆದುಕೊಟ್ಟರೆ, ಆ ಬಾಬ್ತನ್ನು ಕಂಪನಿ ಬಿಲ್ಲಿನಲ್ಲಿ ಕಳೆಯುತ್ತದೆ. ಈ ಸರ್ಟಿಫಿಕೇಟಿಗೆ ಇಲ್ಲಿ ಎಸ್‌ಟಿಸಿ ಅನ್ನುತ್ತಾರೆ. ಮಾಡಿನ ಪ್ಯಾನೆಲ್ ಇಷ್ಟು ವರ್ಷದಲ್ಲಿ ಇಷ್ಟು ಕರೆಂಟ್ ಉತ್ಪಾದಿಸುತ್ತದೆ ಎಂದು ಮುಂಚಿತವಾಗಿ ಲೆಕ್ಕ ಹಾಕಿ, ಪ್ರತಿ ಸಾವಿರ ಯೂನಿಟ್ಟಿಗೆ ಒಂದರಂತೆ ಕೊಡುತ್ತಿದ್ದ ಯೋಗ್ಯತಾ ಪತ್ರ ಅದು. ಈಗ ಅದೇ ಪತ್ರ ಬ್ಯಾಟರಿಗೂ ಸಿಗುತ್ತದೆ, 2025ರಲ್ಲಿ ಯೂನಿಟ್ಟಿಗೆ 9.3 ಪತ್ರ. ಬ್ಯಾಟರಿ ಎಷ್ಟು ಕರೆಂಟ್ ಹುಟ್ಟಿಸುತ್ತದೆ? ಒಂದು ಯೂನಿಟ್ಟೂ ಇಲ್ಲ. ಒಳಗೆ ಹಾಕಿದ್ದರಲ್ಲೇ ಒಂದಿಷ್ಟು ಬಿಸಿಯಾಗಿ ಕಳೆದು ಉಳಿದದ್ದನ್ನು ವಾಪಸು ಕೊಡುತ್ತದೆ. ಉತ್ಪಾದನೆಯ ಪ್ರಮಾಣಪತ್ರವನ್ನು ಉತ್ಪಾದನೆಯನ್ನೇ ಮಾಡದ ಪೆಟ್ಟಿಗೆಗೆ ಹಂಚಿದ ಈ ಜಾಣ್ಮೆಯನ್ನು ನಮ್ಮ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಡುವಾಗ ಗಮನಿಸಬೇಕು.

ಇನ್ನು ಕೂರಿಸಲು ಬರುವ ಮಾನ್ಯತೆ ಪಡೆದ ಎಲೆಕ್ಟ್ರಿಷಿಯನ್ ಕೆಲಸದ ಆರಂಭದಲ್ಲಿ, ನಡುವೆ ಮತ್ತು ಕೊನೆಯಲ್ಲಿ ತಾನು ಅಲ್ಲೇ ಇದ್ದೆ ಎಂದು ತೋರಿಸಲು ಜಾಗ, ಹೊತ್ತು ದಾಖಲಾಗುವ ಸೆಲ್ಫಿ ತೆಗೆದುಕೊಳ್ಳಬೇಕು. ಇದು ತಮಾಷೆಯಲ್ಲ, ನಿಯಮ. ಹಿಂದೆ ಹೆಸರಿಗೊಬ್ಬ, ಕೆಲಸಕ್ಕೊಬ್ಬ ಅನ್ನುವಂತೆ ಮೋಸ ನಡೆದಿದ್ದರಿಂದ ಬಂದದ್ದು. ಗ್ಯಾರೇಜಿನಲ್ಲಿ ಕೂರಿಸಿದರೆ ಕಾರು ಹಿಂದಕ್ಕೆ ಬಂದು ಗುದ್ದದಂತೆ ಮುಂದೆ ಒಂದು ಗೂಟವನ್ನೂ ನೆಡಿಸುತ್ತಾರೆ. ರಾಯರ ಮನೆಯಲ್ಲಿ ಐವತ್ತರ ಬ್ಯಾಟರಿ, ಅದರ ಮುಂದೆ ಗೂಟ, ಗೂಟದ ಮುಂದೆ ಜಾಗವಿಲ್ಲ. ಕಾರು ಈಗ ರಸ್ತೆಯಲ್ಲಿ ನಿಲ್ಲುತ್ತದೆ, ಗುದ್ದುವ ಭಯ ಪೂರ್ತಿ ನಿವಾರಣೆಯಾಗಿದೆ.

ಬ್ಯಾಟರಿಗೆ ಇನ್ನೊಂದು ಅರ್ಹತೆ ಬೇಕು. ಊರಿನ ಸಾವಿರಾರು ಬ್ಯಾಟರಿಗಳನ್ನು ಒಟ್ಟಿಗೆ ಪೋಣಿಸಿ ದೊಡ್ಡ ವಿದ್ಯುತ್ ಸ್ಥಾವರದಂತೆ ಬಳಸುವ ಜಾಲಕ್ಕೆ, ಅಂದರೆ ವಿಪಿಪಿಗೆ, ಸೇರುವ ಶಕ್ತಿ ಅದಕ್ಕೆ ಇರಬೇಕು. ಸೇರಲೇಬೇಕೆ? ಬೇಕಾಗಿಲ್ಲ. ಶಕ್ತಿ ಇದ್ದರೆ ಸಾಕು. ಸಂಜೆ ಆರರ ಹೊತ್ತಿಗೆ ಊರೆಲ್ಲ ಕುಕ್ಕರ್ ಹಚ್ಚಿದಾಗ ಗ್ರಿಡ್ಡಿಗೆ ನೆರವಾಗಲಿ ಎಂದು ಸಾರ್ವಜನಿಕರ ದುಡ್ಡು ಸುರಿದು, ನೆರವಾಗುವುದನ್ನು ಮಾತ್ರ ಅವರವರ ಇಷ್ಟಕ್ಕೆ ಬಿಟ್ಟಿದ್ದಾರೆ. ನಮ್ಮ ರಾಯರ ಬ್ಯಾಟರಿಗೆ ಆ ಶಕ್ತಿ ಪರಿಪೂರ್ಣವಾಗಿದೆ. ರಾಯರಿಗೆ ಇಷ್ಟವಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಜನ ಬ್ಯಾಟರಿಗೆ ಮುಗಿಬೀಳಲು ದುರಾಸೆಯೊಂದೇ ಕಾರಣವಲ್ಲ. ಸೂರ್ಯನ ಬೆಲೆಯೇ ಬಿದ್ದುಹೋಗಿದೆ. ವಿಕ್ಟೋರಿಯಾದಲ್ಲಿ ಮೊದಮೊದಲು ಪ್ಯಾನೆಲ್ ಹಾಕಿದವರು ಗ್ರಿಡ್ಡಿಗೆ ಕೊಟ್ಟ ಪ್ರತಿ ಯೂನಿಟ್ಟಿಗೆ 60 ಸೆಂಟ್ ಎಣಿಸಿಕೊಳ್ಳುತ್ತಿದ್ದರು. ಆ ಭಾಗ್ಯ 2024ರ ನವೆಂಬರ್‌ಗೆ ಮುಗಿಯಿತು. 2025-26ರ ಸಾಲಿಗೆ ಇಲ್ಲಿನ ನಿಯಂತ್ರಣ ಆಯೋಗ ನಿಗದಿ ಮಾಡಿದ ಕನಿಷ್ಠ ದರ 0.04 ಸೆಂಟ್. ಕಣ್ಣುಜ್ಜಿಕೊಂಡು ಇನ್ನೊಮ್ಮೆ ಓದಿ, ನಾಲ್ಕು ಸೆಂಟ್ ಅಲ್ಲ. ಒಂದು ಸೆಂಟ್ ಗಳಿಸಲು ಇಪ್ಪತ್ತೈದು ಯೂನಿಟ್ ಧಾರೆ ಎರೆಯಬೇಕು. ಹಾಗೆ ಗಳಿಸಿದ ಒಂದು ಸೆಂಟನ್ನು ಕೈಯಲ್ಲಿ ಹಿಡಿದು ನೋಡೋಣ ಅಂದರೆ ಆ ನಾಣ್ಯ 1992ರಲ್ಲೇ ಚಲಾವಣೆಯಿಂದ ಹೋಗಿದೆ. ಐದು ಸೆಂಟಿನ ನಾಣ್ಯ ಬೇಕಾದರೆ 125 ಯೂನಿಟ್. ವರ್ಷವಿಡೀ ಐದು ಸಾವಿರ ಯೂನಿಟ್ ಕೊಟ್ಟರೆ ಎರಡು ಡಾಲರ್, ಅರ್ಧ ಲೋಟ ಕಾಫಿಗೂ ಆಗದು. ಅದೇ ಮನೆಯವನು ಸಂಜೆ ಗ್ರಿಡ್ಡಿನಿಂದ ವಾಪಸು ತೆಗೆದುಕೊಂಡರೆ ಯೂನಿಟ್ಟಿಗೆ ಮೂವತ್ತು ಸೆಂಟಿನ ಆಸುಪಾಸು. ಸಿಡ್ನಿ ಕಡೆಯ ಒಂದು ವಿತರಣಾ ಜಾಲದಲ್ಲಂತೂ ನಡುಮಧ್ಯಾಹ್ನ ಮಿತಿ ಮೀರಿ ಕರೆಂಟ್ ಹೊರಗೆ ಬಿಟ್ಟರೆ ಶುಲ್ಕವನ್ನೇ ಹಾಕುವ ದರಪಟ್ಟಿ ಬಂದಿದೆ. ಹತ್ತು ವರ್ಷ ‘ಪ್ಯಾನೆಲ್ ಹಾಕಿ, ಪ್ಯಾನೆಲ್ ಹಾಕಿ’ ಎಂದು ಡಂಗುರ ಸಾರಿ, ಮೂರರಲ್ಲಿ ಒಂದು ಮನೆ ಹಾಕಿದ ಮೇಲೆ ‘ಮಧ್ಯಾಹ್ನ ಇಷ್ಟೊಂದು ಬಿಸಿಲು ಯಾಕೆ ಕಳಿಸ್ತೀರಿ’ ಎಂದು ಗದರಿಕೊಂಡರೆ ಬಡಪಾಯಿ ಮನೆಯವನು ಆ ಬಿಸಿಲನ್ನು ಎಲ್ಲಿ ಬಚ್ಚಿಡಬೇಕು?

ಬಚ್ಚಿಡಲು ಗ್ಯಾರೇಜ್ ಇಲ್ಲದವರ ಮಾತು ಈ ಯೋಜನೆಯಲ್ಲಿ ಬರುವುದಿಲ್ಲ. ದೇಶದ ಮೂರರಲ್ಲಿ ಸುಮಾರು ಒಂದು ಮನೆ ಬಾಡಿಗೆಯದ್ದು. ಟ್ಯಾಕ್ಸಿ ಓಡಿಸುವವನು, ನರ್ಸಿಂಗ್ ಓದಲು ಬಂದ ಹುಡುಗಿ, ಫ್ಲ್ಯಾಟಿನ ನಾಲ್ಕನೇ ಮಹಡಿಯಲ್ಲಿರುವವರು, ಇವರಿಗೆಲ್ಲ ಮಾಡೂ ಇಲ್ಲ, ಪ್ಯಾನೆಲ್ಲೂ ಇಲ್ಲ. ತೆರಿಗೆ ಮಾತ್ರ ಉಂಟು. ಆ ತೆರಿಗೆಯಲ್ಲಿ ನಾಲ್ಕು ಕೋಣೆಯ ಸ್ವಂತ ಮನೆಯವರು ಕರೆಂಟ್ ಬಿಲ್ಲಿನ ಕಷ್ಟದಿಂದ ಪಾರಾಗುತ್ತಿದ್ದಾರೆ. ದೊಡ್ಡ ಮನೆ, ದೊಡ್ಡ ಬ್ಯಾಟರಿ, ದೊಡ್ಡ ರಿಯಾಯಿತಿ.

ಮಾರಾಟಗಾರರಿಗಂತೂ ಇದು ದೀಪಾವಳಿ. 2026ರ ಮೇ 1ರಿಂದ ಮೊದಲ 14 ಯೂನಿಟ್ಟಿಗೆ ಮಾತ್ರ ಪೂರ್ತಿ ರಿಯಾಯಿತಿ, 28ರ ತನಕದ್ದಕ್ಕೆ ಶೇ 60, ಅಲ್ಲಿಂದ 50ರವರೆಗೆ ಬರೀ ಶೇ 15 ಎಂದು ಸರಕಾರ ಹಗ್ಗ ಬಿಗಿಯಿತು. ದುಂದು ತಡೆಯುವ ಈ ಕ್ರಮವನ್ನು ಅದು ಪ್ರಕಟಿಸಿದ್ದು ನಾಲ್ಕೂವರೆ ತಿಂಗಳು ಮುಂಚಿತವಾಗಿ. ‘ಬೇಗ ಬಂದು ದುಂದು ಮಾಡಿ, ಆಮೇಲೆ ಸಿಗಲ್ಲ’ ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ಜಾಹೀರಾತೂ ಹೇಳಲಾರದು. ಆಗೆಲ್ಲ ಫೋನ್ ತೆಗೆದರೆ, “ಸಾರ್, ಏಪ್ರಿಲ್ ಒಳಗೆ ಹಾಕಿಸಿಕೊಳ್ಳಿ, ನಲವತ್ತೆರಡರದ್ದು ಸ್ಟಾಕ್ ಇದೆ.” ನಮಗೆ ಹತ್ತು ಸಾಕಪ್ಪ ಅಂದರೆ ಆ ಕಡೆ ದೀರ್ಘ ನಿಟ್ಟುಸಿರು: “ಸಾರ್, ಹತ್ತರದ್ದಕ್ಕೂ ನಲವತ್ತೆರಡರದ್ದಕ್ಕೂ ನಿಮ್ಮ ಜೇಬಿಂದ ಹೋಗೋದು ಹೆಚ್ಚುಕಮ್ಮಿ ಒಂದೇ.”

ಇದನ್ನೆಲ್ಲ ರಾಯರು ಭಾನುವಾರ ದಾವಣಗೆರೆಗೆ ಫೋನ್ ಮಾಡಿ ತಾಯಿಗೆ ವಿವರಿಸಿದರು.

“ಅಲ್ಲೂ ಕರೆಂಟ್ ಹೋಗುತ್ತೇನೋ?”

“ಇಲ್ಲಮ್ಮ, ಹೋಗೋದೇ ಇಲ್ಲ.”

“ಮತ್ತೆ ಬ್ಯಾಟರಿ ಯಾಕೋ?”

ರಾಯರ ಬಳಿ ಉತ್ತರವಿರಲಿಲ್ಲ, ಗ್ರಾಫ್ ಇತ್ತು. ತಾಯಿ ತಮ್ಮ ಬೀದಿಯ ಸುದ್ದಿ ಹೇಳಿದರು. ಎದುರು ಮನೆಯವರು ಪಿಎಂ ಸೂರ್ಯಘರ್‌ನಲ್ಲಿ ಮೂರು ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿ 78,000 ರೂಪಾಯಿ ಸಬ್ಸಿಡಿ ತಗೊಂಡಿದ್ದಾರೆ. ಆದರೆ ಆ ಸಬ್ಸಿಡಿ ಪ್ಯಾನೆಲ್ಲಿಗೆ, ಬ್ಯಾಟರಿಗೆ ಇಲ್ಲ. ಲೈನಿನಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೆಯದಿರಲಿ ಎಂದು ಗ್ರಿಡ್ ಹೋದಾಗ ಪ್ಯಾನೆಲ್ಲೂ ತಾನೇ ಆಫ್ ಆಗುತ್ತದೆ. “ನೆತ್ತಿ ಸುಡೋ ಬಿಸಿಲಪ್ಪ, ಮೇಲೆ ಸೋಲಾರು, ಕೆಳಗೆ ಫ್ಯಾನ್ ಇಲ್ಲ. ಅವರೂ ನಮ್ಮ ಹಾಗೆ ಹಳೇ ಯುಪಿಎಸ್‌ಗೆ ನೀರು ಹಾಕ್ಕೊಂಡು ಕೂತಿದ್ದಾರೆ,” ಎಂದರು.

ಹೀಗೆ ಕರೆಂಟ್ ಹೋಗುವ ದೇಶದಲ್ಲಿ ಬ್ಯಾಟರಿಗೆ ಸಬ್ಸಿಡಿ ಇಲ್ಲ, ಹೋಗದ ದೇಶದಲ್ಲಿ ಹತ್ತು ಲಕ್ಷ. ಅಷ್ಟಾಗಿಯೂ ಪಾಯಿಂಟ್ ಕುಕ್‌ನಲ್ಲಿ ಒಂದು ರಾತ್ರಿ ಬಿರುಗಾಳಿಗೆ ಕಂಬ ಉರುಳಿ ಕರೆಂಟ್ ಹೋಯಿತು. ಬೀದಿಯೆಲ್ಲ ಕತ್ತಲು. ರಾಯರ ಮನೆಯೂ ಕತ್ತಲು. ಗ್ರಿಡ್ ಇಲ್ಲದಾಗ ಬ್ಯಾಟರಿಯಿಂದ ಮನೆ ನಡೆಯಬೇಕಾದರೆ ಬ್ಯಾಕಪ್ ವೈರಿಂಗ್ ಬೇರೆಯೇ ಮಾಡಿಸಬೇಕಂತೆ. ಅದಕ್ಕೆ ಪ್ರತ್ಯೇಕ ದುಡ್ಡು ಅಂತ ರಾಯರು ಆ ಸಾಲಿಗೆ ಟಿಕ್ ಹಾಕಿರಲಿಲ್ಲ. ಗ್ಯಾರೇಜಿನಲ್ಲಿ ಐವತ್ತರದ್ದು, ಕೈಯಲ್ಲಿ ಮೇಣದಬತ್ತಿ.

ಮೊನ್ನೆ ಅವರ ಮೂರು ತಿಂಗಳ ಬಿಲ್ ಬಂತು. ಬೇಸಿಗೆಯಾದ್ದರಿಂದ ಬಳಕೆ ಸೊನ್ನೆ, ಬಿಲ್ ಮಾತ್ರ ನೂರು ಡಾಲರಿನ ಮೇಲೆ. ತಂತಿ ಮನೆಗೆ ತಾಗಿದೆ ಎಂಬ ಒಂದೇ ಕಾರಣಕ್ಕೆ ಪ್ರತಿದಿನ ಬೀಳುವ ಸಪ್ಲೈ ಚಾರ್ಜ್ ಅದು, ನೀವು ಕರೆಂಟ್ ಬಳಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ರಾಯರು ಕೂಡಲೇ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ, ಮುಕ್ಕಾಲು ಗಂಟೆ ಸಂಗೀತ ಕೇಳಿ, ಲೈನ್ ಸಿಕ್ಕ ಮೇಲೆ ವಿನಯದಿಂದ ವಿಚಾರಿಸಿದರು: ಇದಕ್ಕೇನಾದರೂ ರಿಬೇಟ್ ಇದೆಯೇ?