ಬುದ್ಧಿಹಲ್ಲು ತೆಗೆಸಿದ ಮೇಲೆ ಮರಗಟ್ಟಿದ ತುಟಿ

ಬೆಲ್ಲದ ಕಾಫಿ ಕುಡಿಯುತ್ತಿದ್ದಾಗ ಮಗಳು ಮೆಲ್ಲಗೆ, "ಅಮ್ಮಾ, ಕಾಫಿ ಗದ್ದಕ್ಕೆ ಇಳಿಯುತ್ತಿದೆ" ಎಂದಳು. ನನಗೆ ಗೊತ್ತೇ ಆಗಿರಲಿಲ್ಲ. ಮರುದಿನ ಕನ್ನಡಿ ನೋಡಿದರೆ ಕೆಳತುಟಿಯ ಎಡಗಡೆ ಬೊಬ್ಬೆ ಎದ್ದಿತ್ತು. ಸುಟ್ಟದ್ದೂ ತಿಳಿದಿರಲಿಲ್ಲ. ಬುದ್ಧಿಹಲ್ಲು ತೆಗೆಸಿ ಆಗ ಮೂರು ವಾರ.

ಹಲ್ಲು ತೆಗೆದ ವೈದ್ಯರು "ಇಂಜೆಕ್ಷನ್ನಿನ ಜೋಮು, ಹೋಗುತ್ತದೆ" ಎಂದರು. ಇಂಜೆಕ್ಷನ್ನಿನ ಜೋಮು ಇಳಿಯುವುದಕ್ಕೆ ಕೆಲವು ಗಂಟೆ ಸಾಕು. ಮೂರು ವಾರದ ಮೇಲೂ ಹೀಗೆ ಹೇಳಿದ್ದು ನನಗೆ ಇಂದಿಗೂ ನೋವು.

ಕೆಳದವಡೆಯ ಮೂಳೆಯೊಳಗೆ ಸಣ್ಣ ಕಾಲುವೆಯಿದೆ. ಅದರಲ್ಲಿ ಸಾಗುವ ನರ ಗದ್ದದ ಹತ್ತಿರ ಹೊರಬಂದು ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುತ್ತದೆ. ಕೆಲವರಲ್ಲಿ ಬುದ್ಧಿಹಲ್ಲಿನ ಬೇರು ಆ ಕಾಲುವೆಗೆ ತಾಗಿಕೊಂಡೇ ಇರುತ್ತದೆ. ಹಲ್ಲು ಎಬ್ಬಿಸುವಾಗ ನರ ಜಜ್ಜಿಹೋಗಬಹುದು, ಅಪರೂಪಕ್ಕೆ ತುಂಡಾಗಲೂಬಹುದು. ತುಟಿಯನ್ನು ಆಡಿಸುವ ನರ ಬೇರೆಯದು, ಹಾಗಾಗಿ ನಗು ಸೊಟ್ಟಗಾಗುವುದಿಲ್ಲ. ನೋಡುವವರಿಗೆ ನಮ್ಮ ಕಷ್ಟ ಕಾಣುವುದೇ ಇಲ್ಲ.

"ಸೋಮವಾರಪೇಟೆ ಕಡೆ ಉಳುಕು ತೆಗೆಯುವವರಿದ್ದಾರೆ, ದವಡೆ ತಿಕ್ಕಿಸಿಕೊಂಡು ಬಾ ಮಗಳೇ" ಎಂದು ಅತ್ತೆ ಕಾಳಜಿಯಿಂದಲೇ ಹೇಳಿದರು. ನಾನು ಹೋಗಲಿಲ್ಲ. ಮೂಳೆಯೊಳಗಿನ ನರವನ್ನು ಹೊರಗಿನಿಂದ ತಿಕ್ಕಿ ಬೆಸೆಯಲು ಯಾರ ಕೈಯಿಂದಲೂ ಆಗದು. ಹಸಿ ಗಾಯದ ಮೇಲೆ ಬಲವಾಗಿ ಒತ್ತುವುದು ಅಪಾಯ.

ಹಾಗೆಂದು ಕೈಚಿಕಿತ್ಸೆಯೇ ವ್ಯರ್ಥ ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. ಮಡಿಕೇರಿಯ ಫಿಸಿಯೋಥೆರಪಿಸ್ಟ್ ಒಬ್ಬರು ಮೊದಲು ಬಿಗಿದುಕೊಂಡಿದ್ದ ದವಡೆಯ ಸ್ನಾಯುಗಳನ್ನು ಬೆರಳಿನಿಂದ ಸಡಿಲಿಸಿದರು. ಎರಡು ಬೆರಳಿನಷ್ಟು ತೆರೆಯುತ್ತಿದ್ದ ಬಾಯಿ ಮೂರು ಬೆರಳಿನಷ್ಟು ತೆರೆಯಿತು. ಆಮೇಲೆ ಮೆತ್ತನೆಯ ಕುಂಚವೊಂದನ್ನು ಕೈಗೆ ಕೊಟ್ಟರು. ಕನ್ನಡಿಯ ಮುಂದೆ ಕುಳಿತು ಸ್ಪರ್ಶವಿರುವ ಬಲಗಡೆ ಸವರಬೇಕು, ಅದು ಹೇಗೆನಿಸಿತೆಂದು ಮನಸ್ಸಿನಲ್ಲಿಟ್ಟುಕೊಂಡು ಎಡಗಡೆ ಸವರಬೇಕು. ಆಮೇಲೆ ಕಣ್ಣು ಮುಚ್ಚಿ, ಕುಂಚ ಮೇಲೆ ಹೋಯಿತೋ ಕೆಳಗೆ ಬಂತೋ ಎಂದು ಗುರುತಿಸಬೇಕು. ದಿನಕ್ಕೆ ನಾಲ್ಕು ಸಲ. ಇದು ಮೆದುಳಿಗೆ ಕಲಿಸುವ ಪಾಠ: ಗಾಯಗೊಂಡ ನರ ಕಳುಹಿಸುವ ಮಸುಕು ಸುದ್ದಿಯನ್ನು ಅದು ಮತ್ತೆ ಓದಲು ಕಲಿಯುತ್ತದೆ. ನರವಾದರೋ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆದರೆ ಹೆಚ್ಚು.

ಕಕ್ಕಡ ತಿಂಗಳ ಮಳೆ ಸುರಿಯುತ್ತಿದ್ದ ಒಂದು ಸಂಜೆ ತುಟಿಯ ಮೇಲೆ ಇರುವೆ ಹರಿದಂತಾಯಿತು. ಒರೆಸಿಕೊಂಡರೆ ಇರುವೆಯಿಲ್ಲ. ಅತ್ತುಬಿಟ್ಟೆ.

ಎಲ್ಲರಿಗೂ ಹೀಗೆಯೇ ಆಗುವುದಿಲ್ಲ. ಪೂರ್ತಿ ಮರಗಟ್ಟಿದ ತುಟಿ ಎರಡು ಮೂರು ತಿಂಗಳಾದರೂ ಕಿಂಚಿತ್ತೂ ಬದಲಾಗದಿದ್ದರೆ, ಮಸಾಜಿನಲ್ಲಿ ದಿನ ಕಳೆಯದೆ ನರ ಜೋಡಿಸಬಲ್ಲ ಮುಖ-ದವಡೆ ಶಸ್ತ್ರವೈದ್ಯರನ್ನು ಕಾಣಿ. ತಡವಾದಷ್ಟೂ ಗುಣ ಕಡಿಮೆ. ದಂತವೈದ್ಯರಲ್ಲಿ ನನ್ನ ಬೇಡಿಕೆ ಇಷ್ಟು: ಕೀಳುವ ಮೊದಲೇ ಎಕ್ಸ್-ರೇ ತೋರಿಸಿ ಅಪಾಯವನ್ನು ಬಿಡಿಸಿ ಹೇಳಿ. ಬೇರು ನರಕ್ಕೆ ತೀರಾ ಹತ್ತಿರವಿದ್ದರೆ ಬೇರನ್ನು ಅಲ್ಲೇ ಬಿಟ್ಟು ಹಲ್ಲಿನ ತಲೆಯನ್ನಷ್ಟೇ ತೆಗೆಯುವ ವಿಧಾನವೂ ಇದೆ. ಅದನ್ನು ನನಗೆ ಯಾರೂ ಹೇಳಲಿಲ್ಲ.

ಗದ್ದದ ಅಂಚಿನಲ್ಲಿ ಎಂಟಾಣೆಯಗಲದ ಜಾಗ ಇನ್ನೂ ಜೋಮು ಹಿಡಿದೇ ಇದೆ. ಕುಂಚ ಕನ್ನಡಿಯ ಪಕ್ಕದಲ್ಲಿದೆ. ಈಗ ಕಾಫಿ ಲೋಟವನ್ನು ಬಲಗಡೆಯ ತುಟಿಗೆ ತಾಗಿಸಿ ಬಿಸಿ ನೋಡಿದ ಮೇಲೆಯೇ ಕುಡಿಯುತ್ತೇನೆ.