ಪೆಪ್ಟೈಡ್ ಸೀರಮ್ಮಿನ ಹಿಂಬದಿಯ ಚೀಟಿ

ಕಳೆದ ಭಾನುವಾರ ಸರಸ್ವತೀಪುರಂನ ನಮ್ಮ ಮನೆಗೆ ಏಳು ತಿಂಗಳ ಕೂಸಿನೊಂದಿಗೆ ಬಂದಿದ್ದ ತಂಗಿಯ ಮಗಳು, ದೇವರಾಜ ಅರಸು ರಸ್ತೆಯಲ್ಲಿ 1,800 ರೂಪಾಯಿಗೆ ಕೊಂಡ ಪೆಪ್ಟೈಡ್ ಸೀರಮ್ಮನ್ನು ನನ್ನ ಕೈಗಿಟ್ಟು, "ದೊಡ್ಡಮ್ಮ, ಇದನ್ನ ಮುಖಕ್ಕೂ ಹಚ್ಚಬಹುದಂತೆ, ನೆತ್ತಿಗೂ ಹಚ್ಚಬಹುದಂತೆ. ನೀವು ಕೆಮಿಸ್ಟ್ರಿ ಪಾಠ ಮಾಡಿದವರಲ್ವಾ, ನೋಡಿ ಹೇಳಿ" ಎಂದಳು.

ಪೆಪ್ಟೈಡ್ ಎಂಬುದು ಬರೀ ಬೂಟಾಟಿಕೆಯ ಹೆಸರಲ್ಲ, ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳ ಸಣ್ಣ ಸರಪಳಿ. ಮೂರು ಅಮೈನೋ ಆಮ್ಲಗಳ ಜಿಎಚ್‌ಕೆ ಎಂಬ ಪೆಪ್ಟೈಡನ್ನು ವಿಜ್ಞಾನಿ ಲೊರೆನ್ ಪಿಕಾರ್ಟ್ 1973ರಲ್ಲಿ ಮನುಷ್ಯರ ರಕ್ತದಲ್ಲೇ ಗುರುತಿಸಿದರು. ತಾಮ್ರವನ್ನು ಹಿಡಿದುಕೊಳ್ಳುವ ಅದು, ಪ್ರಯೋಗಾಲಯದ ಜೀವಕೋಶಗಳಲ್ಲಿ, ಚರ್ಮಕ್ಕೆ ಬಿಗಿತ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ತಯಾರಿಕೆಯನ್ನು ಹೆಚ್ಚಿಸುತ್ತದೆ. ಆದರೆ ಗಾಜಿನ ತಟ್ಟೆಯ ಜೀವಕೋಶಕ್ಕೆ ಮೇಲ್ಚರ್ಮದ ಕಾವಲಿರುವುದಿಲ್ಲ. ಅಣುತೂಕ ಸುಮಾರು 500 ಡಾಲ್ಟನ್ ದಾಟಿದ ವಸ್ತುಗಳು ಆ ಕಾವಲನ್ನು ಭೇದಿಸುವುದು ಕಷ್ಟ, ನೀರಿನಲ್ಲಿ ಕರಗುವಂಥವುಗಳಿಗಂತೂ ಇನ್ನೂ ಕಷ್ಟ. ಅದಕ್ಕೆಂದೇ ಕೆಲವು ಪೆಪ್ಟೈಡ್‌ಗಳಿಗೆ ಕೊಬ್ಬಿನ ಬಾಲವೊಂದನ್ನು ಅಂಟಿಸುತ್ತಾರೆ. ಚೀಟಿಯಲ್ಲಿ 'ಪಾಮಿಟಾಯ್ಲ್' ಎಂದಿದ್ದರೆ ಆ ಬಾಲವೆಂದು ತಿಳಿಯಬೇಕು.

ಕನ್ನಡಕದ ಮೇಲೆ ಭೂತಗನ್ನಡಿಯನ್ನೂ ಹಿಡಿದು ಬಾಟಲಿಯ ಚೀಟಿ ಓದಿದೆ. ಹೆಚ್ಚಿರುವ ವಸ್ತುವಿನ ಹೆಸರು ಅದರಲ್ಲಿ ಮೊದಲು ಬರುತ್ತದೆ. ಮೊದಲು ನೀರು, ಆಮೇಲೆ ಗ್ಲಿಸರಿನ್. ಪೆಪ್ಟೈಡ್‌ಗಳ ಹೆಸರು ಬಂದದ್ದು ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕದ ನಂತರ. ಆ ಸಂರಕ್ಷಕವನ್ನು ಸಾಮಾನ್ಯವಾಗಿ ಶೇ. 1ಕ್ಕಿಂತ ಹೆಚ್ಚು ಹಾಕುವುದಿಲ್ಲವಾದ್ದರಿಂದ ಪೆಪ್ಟೈಡ್ ಕೂಡ ಶೇ. 1ಕ್ಕಿಂತ ಹೆಚ್ಚಿಲ್ಲವೆಂದಾಯಿತು. ಇದೊಂದನ್ನೇ ಹಿಡಿದು ಮೋಸವೆನ್ನಲಾರೆ. 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹತ್ತು ಲಕ್ಷ ಭಾಗಕ್ಕೆ ಮೂರು ಭಾಗದಷ್ಟೇ ಪಾಮಿಟಾಯ್ಲ್ ಪೆಂಟಾಪೆಪ್ಟೈಡ್ ಇದ್ದ ಕ್ರೀಮು ಹನ್ನೆರಡು ವಾರಗಳಲ್ಲಿ ಸಣ್ಣ ಗೆರೆಗಳನ್ನು ಸ್ವಲ್ಪ ತಗ್ಗಿಸಿತ್ತು. ಪ್ರಯೋಗ ಮಾಡಿದವರು ಇಂಥ ಕ್ರೀಮು ಮಾರುವ ಕಂಪನಿಯವರೇ ಎಂಬುದನ್ನೂ ಅವಳಿಗೆ ಹೇಳಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಸ್ಕೂಟರ್ ಓಡಿಸುವವಳು ಸನ್‌ಸ್ಕ್ರೀನ್ ಹಚ್ಚದೆ ಸೀರಮ್ಮಿಗೆ ದುಡ್ಡು ಸುರಿಯುವುದು ನನಗಂತೂ ಸರಿಕಾಣದು.

ಕೂದಲಿನ ಮಾತೇ ಬೇರೆ. ರಕ್ತದೊತ್ತಡದ ಮಾತ್ರೆಯಾಗಿ ಬಂದು, ಮೈಮೇಲೆಲ್ಲ ರೋಮ ಬೆಳೆಸಿ ವೈದ್ಯರನ್ನು ಚಕಿತಗೊಳಿಸಿದ ಮಿನಾಕ್ಸಿಡಿಲ್, 1988ರಲ್ಲಿ ಅಮೆರಿಕದಲ್ಲಿ ತಲೆಗೆ ಹಚ್ಚುವ ಔಷಧವಾಗಿ ಒಪ್ಪಿಗೆ ಪಡೆಯಿತು. ಅದಕ್ಕಿರುವಷ್ಟು ಪುರಾವೆ ಪೆಪ್ಟೈಡ್‌ಗಳಿಗಿಲ್ಲ. ಇರುವ ಸಣ್ಣಪುಟ್ಟ ಪ್ರಯೋಗಗಳಲ್ಲೂ ಹಲವು ವಸ್ತುಗಳು ಬೆರೆತಿರುವುದರಿಂದ ಫಲ ಯಾವುದರದೆಂದು ಹೇಳುವುದು ಕಷ್ಟ. ಹಾಲುಣಿಸುವ ಈ ಹುಡುಗಿ ವೈದ್ಯರನ್ನು ಕೇಳದೆ ಮಿನಾಕ್ಸಿಡಿಲ್ ಮುಟ್ಟಲೂಬಾರದು. ಅಷ್ಟಕ್ಕೂ ಅವಳಿಗೆ ಕೂದಲು ಉದುರತೊಡಗಿದ್ದು ಹೆರಿಗೆಯಾದ ಮೂರು ತಿಂಗಳಿಗೆ. ಬಾಣಂತನದ ಈ ಉದುರುವಿಕೆ ಬಹುಪಾಲು ಹೆಂಗಸರಲ್ಲಿ ವರ್ಷ ತುಂಬುವಷ್ಟರಲ್ಲಿ ತಾನಾಗಿ ನಿಂತು, ಕೂದಲು ಮರಳಿ ಬರುತ್ತದೆ. ಈಗ ಸೀರಮ್ ಹಚ್ಚಲು ಶುರುಮಾಡಿದರೆ ಆ ಕೂದಲಿನ ಕೀರ್ತಿಯೆಲ್ಲ ಬಾಟಲಿಗೇ ಸಲ್ಲುತ್ತದೆ.

"ಹಾಗಾದ್ರೆ ಮುಖಕ್ಕೆ ಮಾತ್ರ ಹಚ್ತೀನಿ ಬಿಡಿ" ಎಂದು ಅವಳು ಅದನ್ನು ಬ್ಯಾಗಿಗೆ ಹಾಕಿಕೊಂಡಳು.